ಅಮ್ಮನಿಗೆ ಮಂಡಿನೋವು, ಮಗಳಿಗೆ ಬೆಟ್ಟದ ಆಸೆ: ಆಲ್ಪ್ಸ್‌ನಲ್ಲಿ ಏಳು ರಾತ್ರಿ

ಪ್ರಶ್ನೆ: ನಾವು ಮೈಸೂರಿನವರು. ನಾನು, ಹೆಂಡತಿ, 11 ವರ್ಷದ ಮಗಳು ಮತ್ತು 66 ವರ್ಷದ ಅಮ್ಮ ಜೂನ್ ಕೊನೆಯ ವಾರ ಸ್ವಿಟ್ಜರ್ಲೆಂಡ್‌ಗೆ ಹೊರಟಿದ್ದೇವೆ. ಒಟ್ಟು ಏಳು ರಾತ್ರಿ. ಪ್ರವಾಸ ಕಂಪನಿಯವರು ಜ್ಯೂರಿಕ್, ಲೂಸರ್ನ್, ಇಂಟರ್‌ಲಾಕೆನ್, ಜೆರ್ಮಾಟ್, ಜಿನೀವಾ ಎಂದು ಐದು ಊರಿನ ಪಟ್ಟಿ ಕೊಟ್ಟಿದ್ದಾರೆ. ಆದರೆ ನಮಗೆ ಬೆಟ್ಟದಲ್ಲಿ ನಡೆಯುವ ಆಸೆ. ನಾನು, ಹೆಂಡತಿ ಕುಮಾರಪರ್ವತ, ಕುದುರೆಮುಖ ಹತ್ತಿದ್ದೇವೆ. ಮಗಳು ಚಾಮುಂಡಿ ಬೆಟ್ಟದ ಮೆಟ್ಟಿಲು ಸಲೀಸಾಗಿ ಹತ್ತುತ್ತಾಳೆ. ಅಮ್ಮನಿಗೆ ಮಂಡಿನೋವು, ಅರ್ಧ ಗಂಟೆ ಸಮತಟ್ಟಾದ ದಾರಿಯಲ್ಲಿ ನಡೆಯಬಲ್ಲರು. ಅವರನ್ನು ಹೋಟೆಲಿನಲ್ಲಿ ಬಿಟ್ಟು ಹೋಗಲು ಮನಸ್ಸಿಲ್ಲ. ಎಲ್ಲಿ ಉಳಿಯಬೇಕು? ಯಾವ ದಾರಿ ಹಿಡಿಯಬೇಕು? ಯುಂಗ್‌ಫ್ರಾವ್‌ಗೆ ಅಷ್ಟು ದುಡ್ಡು ಕೊಡಬಹುದಾ? ಎಡೆಲ್‌ವೈಸ್ ಹೂವು ನೋಡಲು ಸಿಗುತ್ತಾ ಎಂದು ಮಗಳು ಕೇಳುತ್ತಿದ್ದಾಳೆ.

ಉತ್ತರ: ಮೊದಲು ಆ ಐದು ಊರಿನ ಪಟ್ಟಿಯನ್ನು ಪಕ್ಕಕ್ಕಿಡಿ. ಏಳು ರಾತ್ರಿಯಲ್ಲಿ ಐದು ಊರು ಎಂದರೆ ನೀವು ನೋಡುವುದು ಹೋಟೆಲಿನ ಲಿಫ್ಟು, ರೈಲಿನ ಕಿಟಕಿ ಮತ್ತು ಸೂಟ್‌ಕೇಸಿನ ಜಿಪ್ಪು. ಅದಕ್ಕಿಂತ ದೊಡ್ಡ ತೊಂದರೆ ಹವೆಯದ್ದು. ಆಲ್ಪ್ಸ್‌ನಲ್ಲಿ ಮೋಡ ಎರಡು ದಿನ ಕೂತುಬಿಟ್ಟರೆ, ಆ ಎರಡು ದಿನಕ್ಕೆ ಬರೆದಿಟ್ಟ ಊರು ನಿಮ್ಮ ಪಾಲಿಗೆ ಇಲ್ಲ. ಒಂದೇ ಕಡೆ ಉಳಿದರೆ ಮೋಡ ಸರಿಯುವ ತನಕ ಕಾಯಬಹುದು.

ನಾನು ಬರ್ನ್ ನಗರದಲ್ಲಿ ಇರುವವನು. ಇಲ್ಲಿಂದ ಇಂಟರ್‌ಲಾಕೆನ್‌ಗೆ ರೈಲಿನಲ್ಲಿ ಒಂದು ಗಂಟೆಯೂ ಬೇಡ. ಊರಿನಿಂದ ಬಂದ ನೆಂಟರನ್ನು, ಗೆಳೆಯರ ಅಪ್ಪ ಅಮ್ಮಂದಿರನ್ನು ಬರ್ನ್ ಸೀಮೆಯ ಬೆಟ್ಟಗಳಿಗೆ ಎಷ್ಟೋ ಸಲ ಕರೆದುಕೊಂಡು ಹೋಗಿದ್ದೇನೆ. ನಿಮ್ಮ ಮನೆಯಂಥ ಮನೆಗಳೇ ಜಾಸ್ತಿ: ಒಬ್ಬರಿಗೆ ಓಡುವ ಕಾಲು, ಒಬ್ಬರಿಗೆ ನೋಯುವ ಮಂಡಿ. ನಿಮಗೆ ನಾನು ಹೇಳುವ ಜಾಗ ಲೌಟರ್‌ಬ್ರುನ್ನೆನ್ ಕಣಿವೆ. ಅದರ ಮೇಲಿನ ವೆಂಗೆನ್ ಎಂಬ ಹಳ್ಳಿಯಲ್ಲಿ ಏಳೂ ರಾತ್ರಿ ಉಳಿಯಿರಿ. ಕಾರಣ ಒಂದೇ. ಈ ಕಣಿವೆಯ ಸುತ್ತ ನಡೆಯುವ ದಾರಿಯೂ ರೈಲು ಅಥವಾ ಕೇಬಲ್ ಕಾರಿನ ದಾರಿಯೂ ಹೆಚ್ಚಿನ ಕಡೆ ಒಂದೇ ಜಾಗಕ್ಕೆ ಬಂದು ಸೇರುತ್ತವೆ. ನೀವು ನಡೆದು ಹೋಗಿ, ಅಮ್ಮ ಕೂತು ಬರಲಿ. ಮಧ್ಯಾಹ್ನ ಒಂದೇ ಬೆಂಚಿನಲ್ಲಿ ಕೂತು ಒಂದೇ ಶಿಖರ ನೋಡುತ್ತಾ ಊಟ ಮಾಡಬಹುದು. ಜಗತ್ತಿನಲ್ಲಿ ಇಂಥ ಎತ್ತರದ ಬೆಟ್ಟಗಳ ನಡುವೆ ಇಷ್ಟು ಸುಲಭವಾಗಿ ಇದು ಸಾಧ್ಯವಾಗುವ ಜಾಗಗಳು ತೀರಾ ಕಡಿಮೆ.

ವೆಂಗೆನ್ 1,274 ಮೀಟರ್ ಎತ್ತರದಲ್ಲಿದೆ. ನಮ್ಮ ಮಡಿಕೇರಿಗಿಂತ ಸ್ವಲ್ಪ ಮೇಲೆ ಅಷ್ಟೇ, ಹಾಗಾಗಿ ಉಸಿರಿಗೆ ಏನೂ ತೊಂದರೆ ಇಲ್ಲ. ಊರಿಗೆ ಕಾರು ಬರುವ ರಸ್ತೆಯೇ ಇಲ್ಲ. ಲೌಟರ್‌ಬ್ರುನ್ನೆನ್‌ನಿಂದ ಹಲ್ಲುಗಾಲಿಯ ಪುಟ್ಟ ರೈಲು ಕಾಲು ಗಂಟೆಯೊಳಗೆ ಮೇಲೆ ಹತ್ತಿಸುತ್ತದೆ. 1893ರಿಂದ ಓಡುತ್ತಿರುವ ದಾರಿ ಅದು. ಹಾರ್ನು, ಟ್ರಾಫಿಕ್ಕು ಇಲ್ಲದ ಬೀದಿಯಲ್ಲಿ ಸಂಜೆ ಅಮ್ಮ ಒಬ್ಬರೇ ಸುತ್ತಾಡಿ ಬರಬಹುದು. ಎದುರಿಗೆ ಯುಂಗ್‌ಫ್ರಾವ್ ಶಿಖರ, ಕೆಳಗೆ ಕಣಿವೆ. ಇಂಟರ್‌ಲಾಕೆನ್‌ನಲ್ಲಿ ಹೋಟೆಲು ಜಾಸ್ತಿ, ನಮ್ಮ ಊಟವೂ ಸಿಗುತ್ತದೆ. ಆದರೆ ಅದು ಕೆಳಗೆ, ಎರಡು ಸರೋವರಗಳ ನಡುವೆ ಇದೆ. ಅಲ್ಲಿಂದ ದಿನಾ ಬೆಟ್ಟಕ್ಕೆ ಬಂದು ಹೋಗುವುದರಲ್ಲೇ ಅರ್ಧ ಬೆಳಿಗ್ಗೆ ಕಳೆದುಹೋಗುತ್ತದೆ. ಈ ಬೆಟ್ಟಗಳಲ್ಲಿ ಬೆಳಿಗ್ಗೆಯೇ ಬಂಗಾರ.

ಮೊದಲ ಒಳ್ಳೆಯ ದಿನ, ಆಕಾಶ ತಿಳಿಯಾಗಿದ್ದರೆ, ಬೇರೇನೂ ಯೋಚಿಸದೆ ಮೆನ್ಲಿಖೆನ್‌ಗೆ ಹೋಗಿ. ವೆಂಗೆನ್ ಊರಿನ ನಡುವಿನಿಂದಲೇ ಕೇಬಲ್ ಕಾರ್ ಹೊರಡುತ್ತದೆ. ಕೆಲವೇ ನಿಮಿಷದಲ್ಲಿ ಸುಮಾರು 950 ಮೀಟರ್ ಮೇಲೆ ಎತ್ತಿ ಬೆಟ್ಟದ ಬೆನ್ನಿನಂಥ ಒಂದು ಉದ್ದನೆಯ ಏಣಿನ ಮೇಲೆ ಇಳಿಸುತ್ತದೆ. ಒಂದು ಕಡೆ ಲೌಟರ್‌ಬ್ರುನ್ನೆನ್ ಕಣಿವೆ, ಇನ್ನೊಂದು ಕಡೆ ಗ್ರಿಂಡೆಲ್‌ವಾಲ್ಡ್ ಕಣಿವೆ. ನೇರ ಎದುರಿಗೆ ಮೂರು ಶಿಖರ ಸಾಲಾಗಿ ನಿಂತಿರುತ್ತವೆ: 3,967 ಮೀಟರಿನ ಐಗರ್, 4,100 ದಾಟಿದ ಮ್ಯೋಂಖ್, 4,158 ಮೀಟರಿನ ಯುಂಗ್‌ಫ್ರಾವ್. ಅಲ್ಲಿಂದ ಕ್ಲೈನೆ ಶೈಡೆಗ್ ಎಂಬ ಘಟ್ಟಕ್ಕೆ ಒಂದೂವರೆ ಗಂಟೆಯ ದಾರಿ, ಸುಮಾರು ನಾಲ್ಕೂವರೆ ಕಿಲೋಮೀಟರ್. ಅಗಲವಾದ ಜಲ್ಲಿ ಹಾದಿ. ಹತ್ತುವುದು ಹೆಚ್ಚೂಕಡಿಮೆ ಇಲ್ಲವೇ ಇಲ್ಲ, ಮೆಲ್ಲಗೆ ಇಳಿಯುತ್ತಾ ಹೋಗುತ್ತದೆ. ಕುದುರೆಮುಖ ಹತ್ತಿದವರಿಗೆ ಇದು ನಡಿಗೆ ಅಂತಲೇ ಅನ್ನಿಸದು. ಆದರೂ ಇದನ್ನು ಸುಲಭ ಅಂತ ಬಿಡಬೇಡಿ. ಪ್ರತಿ ತಿರುವಿನಲ್ಲೂ ಐಗರ್ ಇನ್ನಷ್ಟು ಹತ್ತಿರ ಬರುತ್ತದೆ. ಒಂದು ತಿರುವಿನಲ್ಲಿ ಅದು ದೂರದ ಚಿತ್ರ, ಇನ್ನೊಂದರಲ್ಲಿ ನಿಮ್ಮ ಮೇಲೆ ಬಾಗಿದ ಗೋಡೆ. ನಾನು ಎಷ್ಟು ಸಲ ನಡೆದರೂ ಆ ಬದಲಾವಣೆ ಯಾವ ಹೆಜ್ಜೆಯಲ್ಲಿ ಆಗುತ್ತದೆ ಎಂದು ಹಿಡಿಯಲು ಆಗಿಲ್ಲ.

ಅಮ್ಮ ಏನು ಮಾಡಬೇಕು? ಅವರೂ ನಿಮ್ಮ ಜೊತೆ ಮೆನ್ಲಿಖೆನ್‌ಗೆ ಬಂದು ನೋಡಲಿ. ಆಮೇಲೆ ನಿಮ್ಮಿಬ್ಬರಲ್ಲಿ ಒಬ್ಬರು ಅವರ ಜೊತೆ ಕೇಬಲ್ ಕಾರಿನಲ್ಲಿ ಇಳಿದು, ವೆಂಗೆನ್‌ನಿಂದ ರೈಲು ಹಿಡಿದು ಕ್ಲೈನೆ ಶೈಡೆಗ್‌ಗೆ ಬನ್ನಿ. ಉಳಿದಿಬ್ಬರು ನಡೆದು ಬರಲಿ. ಮುಂದಿನ ನಡಿಗೆಗೆ ಸರದಿ ಬದಲಾಯಿಸಿ. ಇದನ್ನು ಮೊದಲೇ ಮಾತಾಡಿಕೊಂಡಿರಿ. ಇಲ್ಲದಿದ್ದರೆ ಏಳು ದಿನವೂ ಹೆಂಡತಿಯೇ ರೈಲಿನಲ್ಲಿ ಕೂರುವಂತಾಗುತ್ತದೆ. ಎಷ್ಟೋ ಮನೆಗಳಲ್ಲಿ ಹೀಗೆ ಆಗಿದ್ದನ್ನು ನೋಡಿದ್ದೇನೆ, ಬೇಸರವಾಗುತ್ತದೆ.

ಕ್ಲೈನೆ ಶೈಡೆಗ್ 2,061 ಮೀಟರ್. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್. ಅಂದರೆ ನಿಮ್ಮ ಅಮ್ಮ ಚಹಾ ಕುಡಿಯುತ್ತಾ ಕೂತ ಕುರ್ಚಿ ಮುಳ್ಳಯ್ಯನಗಿರಿಯ ತುದಿಗಿಂತ ಮೇಲಿರುತ್ತದೆ. ಇದನ್ನು ಅವರಿಗೆ ಹೇಳಿ, ಖುಷಿಪಡುತ್ತಾರೆ.

ಇಲ್ಲಿಂದಲೇ ಐಗರ್‌ನ ಉತ್ತರ ಗೋಡೆಯ ಕಥೆ ಮಗಳಿಗೆ ಹೇಳಿ. ಸುಮಾರು 1,800 ಮೀಟರ್ ಎತ್ತರದ, ಬಿಸಿಲು ಸರಿಯಾಗಿ ಬೀಳದ ಬಂಡೆ ಅದು. 1935 ಮತ್ತು 1936ರಲ್ಲಿ ಹತ್ತಲು ಹೋದ ಯುವಕರು ಅಲ್ಲೇ ಸತ್ತರು. ಕ್ಲೈನೆ ಶೈಡೆಗ್‌ನ ಹೋಟೆಲಿನವರು, ಪ್ರವಾಸಿಗರು ದೂರದರ್ಶಕದಲ್ಲಿ ಅದನ್ನೆಲ್ಲ ನೋಡುತ್ತಿದ್ದರು. ಕೊನೆಗೆ 1938ರ ಜುಲೈ 24ರಂದು ಹೆಕ್‌ಮೈರ್, ಫ್ಯೋರ್ಗ್, ಕಾಸ್ಪರೆಕ್, ಹಾರೆರ್ ಎಂಬ ನಾಲ್ವರು ಮೇಲೆ ಮುಟ್ಟಿದರು. ಎರಡು ಜೋಡಿಗಳು ಬೇರೆ ಬೇರೆಯಾಗಿ ಹೊರಟು, ಗೋಡೆಯ ಮೇಲೆ ಒಂದಾಗಿ ಹತ್ತಿದ್ದವು. ಇದನ್ನು ಕೇಳಿದ ಮೇಲೆ ಆ ಬಂಡೆ ನೋಡುವ ಕಣ್ಣೇ ಬೇರೆ ಆಗುತ್ತದೆ.

ಮಗಳಿಗೆ ಇನ್ನೂ ಹತ್ತಿರ ಹೋಗುವ ಆಸೆಯಾದರೆ ಇನ್ನೊಂದು ದಿನ ಐಗರ್ ಟ್ರೇಲ್ ಇದೆ. ಕ್ಲೈನೆ ಶೈಡೆಗ್‌ನಿಂದ ರೈಲಿನಲ್ಲಿ ಐಗರ್‌ಗ್ಲೆಚರ್ ನಿಲ್ದಾಣಕ್ಕೆ ಹೋಗಿ, ಅಲ್ಲಿಂದ ಗೋಡೆಯ ಬುಡದಲ್ಲೇ ಆಲ್ಪಿಗ್ಲೆನ್ ತನಕ ಇಳಿಯುವ ದಾರಿ. ಸುಮಾರು ಆರು ಕಿಲೋಮೀಟರ್, ಎರಡರಿಂದ ಎರಡೂವರೆ ಗಂಟೆ, 700 ಮೀಟರ್ ಇಳಿಜಾರು. ಕಲ್ಲು ಸಡಿಲ, ಕೊನೆಯಲ್ಲಿ ಕಡಿದಾದ ಇಳಿಕೆ. ಜೂನ್ ಕೊನೆಯಲ್ಲೂ ಅಲ್ಲಲ್ಲಿ ಹಳೆ ಹಿಮದ ತುಂಡುಗಳು ದಾರಿಗೆ ಅಡ್ಡ ಇರಬಹುದು. ಅದಕ್ಕೇ ಹಿಂದಿನ ದಿನ ರೈಲು ನಿಲ್ದಾಣದಲ್ಲಿ 'ದಾರಿ ತೆರೆದಿದೆಯಾ' ಎಂದು ಕೇಳಿ. ಮುಚ್ಚಿದೆ ಅಂದರೆ ಮುಚ್ಚಿದೆ ಅಂತಲೇ ಅರ್ಥ, ಹಗ್ಗ ದಾಟಿ ಹೋಗಬೇಡಿ. ಆಲ್ಪಿಗ್ಲೆನ್‌ನಲ್ಲಿ ರೈಲು ನಿಲ್ದಾಣ ಇದೆ. ಅಮ್ಮ ರೈಲಿನಲ್ಲಿ ಅಲ್ಲಿಗೇ ಬಂದು ಕಾಯಬಹುದು. ಮತ್ತೆ ಅದೇ ಬೆಂಚು, ಅದೇ ಊಟ.

ಕಣಿವೆಯ ಎದುರು ದಂಡೆಗೆ ಬರೋಣ. ಅಮ್ಮನೂ ನಡೆಯಬಹುದಾದ ದಾರಿ ಅಲ್ಲಿದೆ. ಲೌಟರ್‌ಬ್ರುನ್ನೆನ್ ನಿಲ್ದಾಣದ ಎದುರಿನಿಂದ ಕೇಬಲ್ ಕಾರಿನಲ್ಲಿ ಗ್ರುಟ್ಶ್‌ಆಲ್ಪ್‌ಗೆ ಹತ್ತಿ. ಅಲ್ಲಿಂದ ಮ್ಯೂರೆನ್ ಎಂಬ ಹಳ್ಳಿಗೆ 1891ರಿಂದ ಒಂದು ಪುಟ್ಟ ರೈಲು ಓಡುತ್ತಿದೆ. ಹಳಿಯ ಪಕ್ಕದಲ್ಲೇ ಕಾಲುದಾರಿ. ಪೂರ್ತಿ ನಡೆದರೆ ಒಂದು ಗಂಟೆಗೆ ಸ್ವಲ್ಪ ಜಾಸ್ತಿ. ನಡುವೆ ವಿಂಟರೆಗ್ ಎಂಬ ನಿಲ್ದಾಣ. ನೀವು ಮೂವರು ಗ್ರುಟ್ಶ್‌ಆಲ್ಪ್‌ನಿಂದ ನಡೆಯಿರಿ, ಅಮ್ಮ ವಿಂಟರೆಗ್ ತನಕ ರೈಲಿನಲ್ಲಿ ಬಂದು, ಅಲ್ಲಿಂದ ಎಲ್ಲರೂ ಕೂಡಿ ಮ್ಯೂರೆನ್‌ಗೆ ಹೆಜ್ಜೆ ಹಾಕಿ. ಅರ್ಧ ಗಂಟೆಯ ಚೂರು ಮೇಲೆ, ಹೆಚ್ಚು ಏರಿಳಿತವಿಲ್ಲ. ಎಡಗಡೆ ಕಣಿವೆಯಾಚೆ ಅವೇ ಮೂರು ಶಿಖರಗಳು ನಿಮ್ಮ ಜೊತೆಗೇ ನಡೆಯುತ್ತವೆ. ಅಮ್ಮನ ಪಾಲಿಗೆ ಇಡೀ ಪ್ರವಾಸದಲ್ಲಿ ಇದೇ ದೊಡ್ಡ ದಿನ ಆಗಬಹುದು. ಸುಮ್ನೆ ನೋಡಿ ಬರುವುದು ಬೇರೆ, ತನ್ನ ಕಾಲಲ್ಲಿ ನಡೆದು ಒಂದು ಊರು ಸೇರುವುದು ಬೇರೆ ಅಲ್ವಾ?

ಮ್ಯೂರೆನ್‌ನಲ್ಲೂ ಕಾರು ಇಲ್ಲ. ಅಲ್ಲಿಂದ ಕೆಳಗೆ ಗಿಮ್ಮೆಲ್‌ವಾಲ್ಡ್ ಎಂಬ ಇನ್ನೂ ಪುಟ್ಟ ಹಳ್ಳಿಗೆ ಇಳಿಯುವ ದಾರಿ ಮಂಡಿಗೆ ಒಳ್ಳೆಯದಲ್ಲ. ಅದಕ್ಕೂ ಕೇಬಲ್ ಕಾರ್ ಇದೆ. ಇಂಥ ಹಳ್ಳಿಗಳಲ್ಲಿ ಮನೆ ಮುಂದೆ ಒಂದು ಫ್ರಿಜ್ಜು, ಒಳಗೆ ಬೆಟ್ಟದ ಚೀಸು, ಪಕ್ಕದಲ್ಲಿ ದುಡ್ಡಿನ ಡಬ್ಬಿ ಇಟ್ಟಿರುವುದು ಕಾಣುತ್ತದೆ. ಮಾರುವವರು ಯಾರೂ ಇರುವುದಿಲ್ಲ. ಬೆಲೆ ನೋಡಿ, ದುಡ್ಡು ಹಾಕಿ, ತೆಗೆದುಕೊಳ್ಳಬೇಕು. ಚಿಲ್ಲರೆ ಇಟ್ಟುಕೊಂಡಿರಿ.

ಗ್ರುಟ್ಶ್‌ಆಲ್ಪ್‌ನಂಥ ಹೆಸರುಗಳ ಕೊನೆಯ 'ಆಲ್ಪ್' ಎಂಬುದಕ್ಕೆ ಇಲ್ಲಿನ ರೈತರ ಬಾಯಲ್ಲಿ ಶಿಖರ ಅಂತ ಅರ್ಥ ಅಲ್ಲ. ಬೇಸಿಗೆಯಲ್ಲಿ ದನ ಮೇಯಿಸುವ ಎತ್ತರದ ಹುಲ್ಲುಗಾವಲು ಅಂತ. ಜೂನ್‌ನಲ್ಲಿ ದನಗಳನ್ನು ಮೇಲೆ ಹೊಡೆದುಕೊಂಡು ಬರುತ್ತಾರೆ, ಸೆಪ್ಟೆಂಬರ್ ಹೊತ್ತಿಗೆ ಇಳಿಸುತ್ತಾರೆ. ನೀವು ಹೋಗುವ ಹೊತ್ತಿಗೆ ಇಡೀ ಇಳಿಜಾರಿನ ತುಂಬ ಗಂಟೆಯ ಸದ್ದು. ನಾವು ದನದ ಜೊತೆ ಬೆಳೆದವರು, ಹತ್ತಿರ ಹೋಗಿ ಸವರೋಣ ಅನ್ನಿಸುತ್ತದೆ. ಕರು ಜೊತೆಗಿರುವ ಹಸುವಿನ ಹತ್ತಿರ ಮಾತ್ರ ಹೋಗಬೇಡಿ. ಇಲ್ಲಿ ಕೆಲವು ಹಿಂಡುಗಳಲ್ಲಿ ತಾಯಿ, ಕರು ಒಟ್ಟಿಗೇ ಬಯಲಲ್ಲಿರುತ್ತವೆ. ಕರುವನ್ನು ಮುಟ್ಟಲು ಹೋದವರ ಮೇಲೆ ತಾಯಿ ಏರಿ ಬರುತ್ತದೆ. ದೂರದಿಂದ ಸುತ್ತಿಕೊಂಡು ಹೋಗಿ. ದಾರಿಗೆ ಅಡ್ಡ ತಂತಿ ಇದ್ದರೆ ಅದರಲ್ಲಿ ಕರೆಂಟು ಇರುತ್ತದೆ. ಪ್ಲಾಸ್ಟಿಕ್ ಹಿಡಿ ಹಿಡಿದು ತೆಗೆದು, ದಾಟಿ, ಮತ್ತೆ ಸಿಕ್ಕಿಸಿ. ಅದನ್ನು ಮರೆತು ಹೋದರೆ ರೈತನ ಒಂದು ದಿನದ ಕೆಲಸ ಹಾಳು.

ಇನ್ನು ಯುಂಗ್‌ಫ್ರಾವ್. ನಮ್ಮವರು ಯುಂಗ್‌ಫ್ರಾವ್ ಎನ್ನುವುದು ಶಿಖರವನ್ನಲ್ಲ. ಯುಂಗ್‌ಫ್ರಾವ್ ಮತ್ತು ಮ್ಯೋಂಖ್ ನಡುವಿನ ತಗ್ಗಿನಲ್ಲಿರುವ ಯುಂಗ್‌ಫ್ರಾವ್‌ಯೋಖ್ ರೈಲು ನಿಲ್ದಾಣವನ್ನು. 3,454 ಮೀಟರ್. ಯುರೋಪಿನಲ್ಲೇ ಅತಿ ಎತ್ತರದ ರೈಲು ನಿಲ್ದಾಣ. ಬೇಸಿಗೆಯಲ್ಲಿ ಇಂಟರ್‌ಲಾಕೆನ್‌ನಿಂದ ಹೋಗಿ ಬರಲು ದೊಡ್ಡವರಿಗೆ 200 ಫ್ರಾಂಕಿಗೂ ಜಾಸ್ತಿ. ಒಂದು ಫ್ರಾಂಕ್ ನೂರು ರೂಪಾಯಿಗೂ ಮೇಲೆ. ಮೂವರು ದೊಡ್ಡವರ ಲೆಕ್ಕ ಹಾಕಿದರೆ ಎದೆ ಧಸಕ್ ಅನ್ನುತ್ತದೆ, ನಿಜ.

ನನ್ನ ಉತ್ತರ: ಆಕಾಶ ತಿಳಿಯಾಗಿದ್ದರೆ ಹೋಗಿ, ಇಲ್ಲದಿದ್ದರೆ ಬೇಡವೇ ಬೇಡ. ನನ್ನ ಚಿಕ್ಕಪ್ಪ ಚಿಕ್ಕಮ್ಮ ಒಂದು ಪ್ರವಾಸ ಕಂಪನಿಯ ಜೊತೆ ಬಂದಿದ್ದರು. ಟಿಕೆಟ್ಟು ತಿಂಗಳು ಮೊದಲೇ ತೆಗೆದಾಗಿತ್ತು, ದಿನ ಬದಲಾಯಿಸುವ ಹಾಗಿರಲಿಲ್ಲ. ಅವತ್ತು ಮೇಲೆ ದಟ್ಟ ಮೋಡ. ಕಿಟಕಿಯಾಚೆ ಬಿಳಿ ಬಿಟ್ಟು ಏನೂ ಕಾಣಲಿಲ್ಲ. ಚಿಕ್ಕಪ್ಪ ನಿವೃತ್ತಿಯ ದುಡ್ಡಿನಲ್ಲಿ ಬಂದಿದ್ದರು. ಮಾರನೇ ದಿನ ಆಕಾಶ ಕನ್ನಡಿಯಂತಿತ್ತು, ಆದರೆ ಅವರ ಬಸ್ಸು ಆಗಲೇ ಬೇರೆ ಊರಿನ ದಾರಿ ಹಿಡಿದಿತ್ತು. ಆ ನೋವು ನನಗೆ ಇನ್ನೂ ಹೋಗಿಲ್ಲ. ಅದಕ್ಕೇ ಒಂದೇ ಊರಿನಲ್ಲಿ ಉಳಿಯಿರಿ ಎಂದು ಇಷ್ಟು ಒತ್ತಿ ಹೇಳುತ್ತಿರುವುದು.

ಹಿಂದಿನ ಸಂಜೆ ಮೆಟಿಯೋಸ್ವಿಸ್ ಆ್ಯಪ್‌ನಲ್ಲಿ ಹವೆ ನೋಡಿ. ಬೆಳಿಗ್ಗೆ ಎದ್ದ ತಕ್ಷಣ ಶಿಖರದ ನೇರ ಕ್ಯಾಮೆರಾ ನೋಡಿ. ಎಷ್ಟೋ ಹೋಟೆಲುಗಳಲ್ಲಿ ತಿಂಡಿ ತಿನ್ನುವ ಕೋಣೆಯ ಟಿವಿಯಲ್ಲೇ ಅದು ಓಡುತ್ತಿರುತ್ತದೆ. ಕಣಿವೆಯಲ್ಲಿ ಮಂಜು ಮುಸುಕಿದ್ದರೂ ಮೇಲೆ ಬಿಸಿಲು ಇರಬಹುದು. ಮೇಲೆ ಸ್ಪಷ್ಟವಾಗಿ ಕಂಡರೆ ಆಗ ಟಿಕೆಟ್ ತೆಗೆದು ಮೊದಲ ರೈಲುಗಳಲ್ಲೇ ಹೊರಡಿ.

ಆ ದಾರಿಯ ಕಥೆಯೂ ಗೊತ್ತಿದ್ದರೆ ಚೆನ್ನ. ಅಡೋಲ್ಫ್ ಗುಯರ್-ತ್ಸೆಲ್ಲರ್ ಎಂಬ ಉದ್ಯಮಿ 1893ರಲ್ಲಿ ಮ್ಯೂರೆನ್ ಕಡೆಯ ಬೆಟ್ಟದಲ್ಲಿ ನಡೆಯುತ್ತಿದ್ದಾಗ ಈ ರೈಲಿನ ಯೋಚನೆ ಬಂತು. 1896ರಲ್ಲಿ ಕೆಲಸ ಶುರು. 1899ರಲ್ಲಿ ಅವರು ತೀರಿಕೊಂಡರು. ಐಗರ್ ಮತ್ತು ಮ್ಯೋಂಖ್‌ನ ಹೊಟ್ಟೆಯಲ್ಲಿ ಏಳು ಕಿಲೋಮೀಟರಿಗೂ ಉದ್ದದ ಸುರಂಗ ಕೊರೆದವರು ಹೆಚ್ಚಾಗಿ ಇಟಲಿಯಿಂದ ಬಂದ ಕೂಲಿಕಾರರು. ಹಲವರು ಅಲ್ಲೇ ಪ್ರಾಣ ಬಿಟ್ಟರು. ಹದಿನಾರು ವರ್ಷ ಹಿಡಿಯಿತು. 1912ರ ಆಗಸ್ಟ್ 1ರಂದು ನಿಲ್ದಾಣ ತೆರೆಯಿತು. ಮೇಲೆ ಹೋಗುವಾಗ ಐಸ್‌ಮೇರ್ ಎಂಬಲ್ಲಿ ರೈಲು ಕೆಲವು ನಿಮಿಷ ನಿಲ್ಲುತ್ತದೆ. ಇಳಿದು ಬಂಡೆಯಲ್ಲಿ ಕೊರೆದ ಕಿಟಕಿಯಿಂದ ಹೊರಗೆ ನೋಡಿ. ಆ ಕೈಗಳನ್ನು ಒಂದು ಕ್ಷಣ ನೆನೆಯಿರಿ.

ಮೇಲೆ ಅಂಗಡಿ, ಚಾಕೊಲೇಟು, ನಮ್ಮ ಊಟ ಎಲ್ಲ ಇದೆ. ನೀವು ಹೆಚ್ಚು ಹೊತ್ತು ಕಳೆಯಬೇಕಾದ್ದು ಸ್ಫಿಂಕ್ಸ್ ಎಂಬ ವೀಕ್ಷಣಾ ಕಟ್ಟೆಯಲ್ಲಿ. ಲಿಫ್ಟ್ ಇದೆ, ಅಮ್ಮನಿಗೂ ಸಲೀಸು. ಅಲ್ಲಿಂದ ಅಲೆಚ್ ಹಿಮನದಿ ಕಾಣುತ್ತದೆ. ಆಲ್ಪ್ಸ್‌ನಲ್ಲೇ ಉದ್ದನೆಯದು, ಸುಮಾರು ಇಪ್ಪತ್ತು ಕಿಲೋಮೀಟರ್. ಹೆದ್ದಾರಿಯಂತೆ ತಿರುಗಿ ಹೋಗುವ ಐಸು. 2001ರಿಂದ ಈ ಸೀಮೆ ಯುನೆಸ್ಕೋ ಪರಂಪರೆಯ ಪಟ್ಟಿಯಲ್ಲಿದೆ. ಮಗಳಿಗೆ ಇದನ್ನೂ ಹೇಳಿ: 2022 ಮತ್ತು 2023, ಈ ಎರಡೇ ವರ್ಷದಲ್ಲಿ ಸ್ವಿಟ್ಜರ್ಲೆಂಡಿನ ಹಿಮನದಿಗಳು ಒಟ್ಟು ಐಸಿನ ಹತ್ತನೇ ಒಂದು ಪಾಲು ಕಳೆದುಕೊಂಡವು. ಅವಳ ಮಕ್ಕಳು ನೋಡುವ ಅಲೆಚ್ ಇದಾಗಿರುವುದಿಲ್ಲ.

ಎತ್ತರದ ಬಗ್ಗೆ ಎಚ್ಚರ ಬೇಕು. ಅಲ್ಲಿ ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಮೂರನೇ ಎರಡು ಪಾಲು ಮಾತ್ರ. ರೈಲು ಒಂದೆರಡು ಗಂಟೆಯಲ್ಲಿ ಅಲ್ಲಿಗೆ ಎತ್ತಿಬಿಡುತ್ತದೆ, ಮೈ ಹೊಂದಿಕೊಳ್ಳಲು ಹೊತ್ತೇ ಸಿಗುವುದಿಲ್ಲ. ತಲೆ ಭಾರ, ಸುಸ್ತು ಆಗಬಹುದು. ನಿಧಾನ ನಡೆಯಿರಿ, ನೀರು ಕುಡಿಯಿರಿ, ಮಗಳು ಓಡದಂತೆ ನೋಡಿಕೊಳ್ಳಿ. ಅಮ್ಮನಿಗೆ ಹೃದಯದ ಅಥವಾ ಶ್ವಾಸಕೋಶದ ತೊಂದರೆ ಇದ್ದರೆ ಹೊರಡುವ ಮೊದಲು ಮೈಸೂರಿನಲ್ಲೇ ವೈದ್ಯರನ್ನು ಕೇಳಿ. ಪ್ರವಾಸದ ಮೊದಲ ದಿನವೇ ಹೋಗಬೇಡಿ. ತಲೆ ಸುತ್ತಿದರೆ ಮುಂದಿನ ರೈಲಿನಲ್ಲೇ ಇಳಿಯಿರಿ, ಇಳಿಯುವುದೇ ಮದ್ದು.

ಮೋಡದ ದಿನ, ಮಳೆಯ ದಿನ ಬಂದೇ ಬರುತ್ತದೆ. ಆ ದಿನ ಹೋಟೆಲಿನಲ್ಲಿ ಕೂರಬೇಡಿ. ಕಣಿವೆಯ ತಳಕ್ಕೆ ಇಳಿಯಿರಿ. ಲೌಟರ್‌ಬ್ರುನ್ನೆನ್‌ಗೆ 72 ಜಲಪಾತಗಳ ಕಣಿವೆ ಎಂಬ ಹೆಸರಿದೆ, ಮಳೆ ಬಂದಷ್ಟೂ ಅವು ತುಂಬಿಕೊಳ್ಳುತ್ತವೆ. ಊರಿನ ಪಕ್ಕದಲ್ಲೇ ಸ್ಟೌಬ್‌ಬಾಖ್, ಎತ್ತರ ಸುಮಾರು 300 ಮೀಟರ್. ನಮ್ಮ ಜೋಗ 253. ಹಾಗಂತ ಜೋಗದ ಅಬ್ಬರ ನಿರೀಕ್ಷಿಸಿ ಹೋದರೆ ಪೆಚ್ಚಾಗುತ್ತೀರಿ. ಇದು ತೆಳ್ಳನೆಯ ನೂಲು. ಕೆಳಗೆ ಬೀಳುವ ಮೊದಲೇ ಗಾಳಿ ಅದನ್ನು ಹೊಗೆ ಮಾಡಿ ಹಾರಿಸುತ್ತದೆ. ಸ್ಟೌಬ್‌ಬಾಖ್ ಎಂದರೆ ಧೂಳಿನ ಹಳ್ಳ ಎಂದೇ ಅರ್ಥ.

ಜೋಗದ ಅಬ್ಬರ ಬೇಕಾದರೆ ಟ್ರ್ಯುಮ್ಮೆಲ್‌ಬಾಖ್‌ಗೆ ಹೋಗಿ, ಲೌಟರ್‌ಬ್ರುನ್ನೆನ್‌ನಿಂದ ಹಳದಿ ಬಸ್ಸಿನಲ್ಲಿ ಕೆಲವೇ ನಿಮಿಷ. ಐಗರ್, ಮ್ಯೋಂಖ್, ಯುಂಗ್‌ಫ್ರಾವ್‌ನ ಹಿಮ ಕರಗಿದ ನೀರು ಬೆಟ್ಟದ ಒಳಗೇ ಹತ್ತು ಹಂತದಲ್ಲಿ ಧುಮುಕುತ್ತದೆ. ತುಂಬಿ ಹರಿಯುವಾಗ ಸೆಕೆಂಡಿಗೆ 20,000 ಲೀಟರ್ ತನಕ. ಜೂನ್ ಕೊನೆ ಎಂದರೆ ಹಿಮ ಕರಗುವ ಕಾಲ, ಹಾಗಾಗಿ ನಿಮಗೆ ಒಳ್ಳೆಯ ನೋಟ ಸಿಗುತ್ತದೆ. ಒಳಗೆ ಲಿಫ್ಟ್ ಇದೆ, ಆದರೆ ಲಿಫ್ಟಿನ ಮೇಲೆ ಒದ್ದೆ ಮೆಟ್ಟಿಲುಗಳೂ ಇವೆ. ಅಮ್ಮ ಲಿಫ್ಟಿನಲ್ಲಿ ಹೋಗಿ ಹತ್ತಿರದ ಒಂದೆರಡು ಕಟ್ಟೆಯಿಂದ ನೋಡಿದರೆ ಸಾಕು, ಸದ್ದಿಗೇ ಮೈ ನಡುಗುತ್ತದೆ. ಮಳೆಯಂಗಿ ಹಾಕಿಕೊಂಡೇ ಹೋಗಿ. ಮಳೆ ನಿಂತರೆ ವಾಪಸ್ ಬರುವಾಗ ಕಣಿವೆಯ ತಳದ ಸಮತಟ್ಟಾದ ಹಾದಿಯಲ್ಲಿ ಸ್ವಲ್ಪ ದೂರ ನಡೆಯಿರಿ. ಕಾಲು ಸೋತಲ್ಲಿ ಬಸ್ಸು ಹತ್ತಬಹುದು.

ಗ್ರಿಂಡೆಲ್‌ವಾಲ್ಡ್ ಕಡೆಗೂ ಒಂದು ದಿನ ಕೊಡಿ. ಅಲ್ಲಿಂದ ಫಿರ್ಸ್ಟ್‌ಗೆ ಗೊಂಡೊಲಾ, ಫಿರ್ಸ್ಟ್‌ನಿಂದ ಬಾಖಾಲ್ಪ್‌ಸೇ ಎಂಬ ಕೆರೆಗೆ ಮೂರು ಕಿಲೋಮೀಟರ್. ಹೋಗಲು ಒಂದು ಗಂಟೆ. 2,265 ಮೀಟರಿನಲ್ಲಿರುವ ಈ ಕೆರೆಯಲ್ಲಿ ಗಾಳಿ ಏಳುವ ಮೊದಲು ಶ್ರೆಕ್‌ಹಾರ್ನ್ ಶಿಖರದ ಬಿಂಬ ನಿಂತಿರುತ್ತದೆ. ಬೆಳಿಗ್ಗೆ ಬೇಗ ಹೋದವರಿಗೆ ಮಾತ್ರ ಅದು. ಹನ್ನೊಂದಕ್ಕೆ ಹೋದರೆ ಜನವೇ ಜನ.

ದಾರಿ ಹುಡುಕುವ ಚಿಂತೆ ಬೇಡ. ಎಲ್ಲೆಲ್ಲೂ ಹಳದಿ ಫಲಕಗಳು. ಅವುಗಳ ಮೇಲೆ ಕಿಲೋಮೀಟರ್ ಇರುವುದಿಲ್ಲ, ಗಂಟೆ ಇರುತ್ತದೆ. ಅದು ಒಂದೇ ಸಮ ನಡೆಯುವವರ ಲೆಕ್ಕ, ಕೂತು ಫೋಟೋ ತೆಗೆಯುವ ಹೊತ್ತು ಅದರಲ್ಲಿಲ್ಲ. ಮಗು ಜೊತೆಗಿದ್ದರೆ ಅರ್ಧದಷ್ಟು ಸೇರಿಸಿಕೊಳ್ಳಿ. ಬರೀ ಹಳದಿ ಎಂದರೆ ಸುಲಭದ ದಾರಿ. ಬಿಳಿ-ಕೆಂಪು-ಬಿಳಿ ಪಟ್ಟೆ ಎಂದರೆ ಬೆಟ್ಟದ ದಾರಿ: ಹಿಡಿತ ಇರುವ ಶೂ, ಗಟ್ಟಿ ಹೆಜ್ಜೆ ಬೇಕು. ಬಿಳಿ-ನೀಲಿ-ಬಿಳಿ ಕಂಡರೆ ತಿರುಗಿ ಬನ್ನಿ, ಅದು ಹಗ್ಗ, ಅನುಭವ ಇರುವವರಿಗೆ.

ಇಲ್ಲಿ ನಮ್ಮವರು ಎಡವುವ ಒಂದು ಜಾಗ ಇದೆ. ಜೂನ್ ಕೊನೆಯಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತು ದಾಟಿದ ಮೇಲೆ. ಇನ್ನೂ ಬೆಳಕಿದೆ, ನಿಧಾನ ಇಳಿಯೋಣ ಅನ್ನಿಸುತ್ತದೆ. ಆದರೆ ಹಲವು ಕೇಬಲ್ ಕಾರುಗಳ ಕೊನೆಯ ಸರದಿ ಸಂಜೆ ಐದು, ಆರಕ್ಕೇ ಮುಗಿಯುತ್ತದೆ. ಮೇಲೆ ಹತ್ತುವಾಗಲೇ ಕೊನೆಯ ಹೊತ್ತನ್ನು ಫೋಟೋ ತೆಗೆದಿಟ್ಟುಕೊಳ್ಳಿ. ಸೆಖೆಯ ದಿನಗಳಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಕಟ್ಟುತ್ತದೆ. ಬಯಲು ಏಣಿನ ಮೇಲೆ ಸಿಡಿಲಿಗೆ ಅಡಗಲು ಜಾಗ ಇಲ್ಲ. ಮಧ್ಯಾಹ್ನ ಎರಡು ಗಂಟೆಯೊಳಗೆ ಎತ್ತರದ ದಾರಿ ಮುಗಿಸಿ. ಅಪಾಯ ಆದರೆ 1414, ಅದು ಹೆಲಿಕಾಪ್ಟರ್ ರಕ್ಷಣೆಯ ರೇಗಾ ಸಂಸ್ಥೆಯ ನಂಬರು. 112ಕ್ಕೂ ಕರೆಯಬಹುದು. ಬೆಟ್ಟದ ರಕ್ಷಣೆ ಸೇರಿರುವ ಪ್ರವಾಸ ವಿಮೆ ಮಾಡಿಸಿಕೊಂಡೇ ಬನ್ನಿ.

ಶೂ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕುದುರೆಮುಖಕ್ಕೆ ಹಾಕಿದ ಶೂ ಸಾಕು, ಇಲ್ಲಿ ಜಿಗಣೆಯ ಕಾಟವೂ ಇಲ್ಲ. ಹೊಸ ಶೂ ಕೊಂಡರೆ ಚಾಮುಂಡಿ ಬೆಟ್ಟದಲ್ಲಿ ನಾಲ್ಕು ಸಲ ಹಾಕಿ ಪಳಗಿಸಿ. ಅಮ್ಮನಿಗೆ ಎರಡು ಊರುಗೋಲು ಕಡ್ಡಾಯ. ಮಂಡಿಗೆ ನೋವಾಗುವುದು ಇಳಿಯುವಾಗ. ಅದಕ್ಕೇ ಅವರಿಗೆ ಇಳಿಜಾರು ಪೂರ್ತಿ ತಪ್ಪಿಸಿ, ಇಳಿಯುವುದೆಲ್ಲ ರೈಲಿನಲ್ಲೇ ಇರಲಿ. ಎಲ್ಲರಿಗೂ ಸ್ವೆಟರ್, ಮಳೆಯಂಗಿ, ಟೋಪಿ, ಸನ್‌ಸ್ಕ್ರೀನ್. ಹಿಮದ ಮೇಲಿನ ಬಿಸಿಲು ಮುಖ ಸುಟ್ಟುಬಿಡುತ್ತದೆ. ಛತ್ರಿ ಬೇಡ, ಗಾಳಿಗೆ ನಿಲ್ಲದು.

ಸಸ್ಯಾಹಾರಿಗಳಾದರೆ ಆಲೂಗಡ್ಡೆಯ ರ್‍ಯೋಸ್ಟಿ ಎಲ್ಲ ಕಡೆ ಸಿಗುತ್ತದೆ. ಮಕರೋನಿ, ಆಲೂಗಡ್ಡೆ, ಚೀಸು ಬೆರೆಸಿದ ಎಲ್ಪ್ಲರ್‌ಮಗ್ರೋನೆನ್ ಮಗಳಿಗೆ ಇಷ್ಟವಾದೀತು. ಎರಡರಲ್ಲೂ ಹಂದಿಮಾಂಸದ ಚೂರು ಹಾಕುವುದುಂಟು, 'ಓನೆ ಷ್ಪೆಕ್' ಎಂದು ಹೇಳಿದರೆ ಅದಿಲ್ಲದೆ ಕೊಡುತ್ತಾರೆ. ಮಧ್ಯಾಹ್ನಕ್ಕೆ ಬುತ್ತಿ ಕಟ್ಟಿಕೊಂಡು ಹೋಗುವುದೇ ಮೇಲು, ಇಲ್ಲಿನವರೂ ಅದನ್ನೇ ಮಾಡುತ್ತಾರೆ. ವೆಂಗೆನ್‌ನಲ್ಲಿ ಕೋಪ್ ಅಂಗಡಿ ಇದೆ. ಮನೆಯಿಂದ ಚಟ್ನಿಪುಡಿ ತಂದರೆ ಬ್ರೆಡ್ಡಿನ ಜೊತೆ ಚೆನ್ನಾಗಿರುತ್ತದೆ. ನೀರು ಕೊಳ್ಳಬೇಡಿ. ನಲ್ಲಿಯ ನೀರು, ಹಳ್ಳಿಯ ತೊಟ್ಟಿಗೆ ಬೀಳುವ ನೀರು ಕುಡಿಯಲು ಒಳ್ಳೆಯದು. 'ಕೈನ್ ಟ್ರಿಂಕ್‌ವಾಸರ್' ಎಂದು ಬರೆದಿದ್ದರೆ ಮಾತ್ರ ಬೇಡ. ದಾರಿಯಲ್ಲಿ ಎದುರಾದವರಿಗೆ 'ಗ್ರುಯೆಸ್ಸೆಖ್' ಅನ್ನಿ. ಬರ್ನ್ ಸೀಮೆಯ ನಮಸ್ಕಾರ ಅದು. ಬೆಟ್ಟದಲ್ಲಿ ಗುರುತಿಲ್ಲದವರೂ ಹೇಳಿಕೊಳ್ಳುತ್ತಾರೆ.

ಟಿಕೆಟ್ಟಿನ ವಿಷಯ. ಪ್ರವಾಸಿಗರಿಗೆ ರೈಲು, ಬಸ್ಸಿಗೆಲ್ಲ ಒಂದೇ ಟಿಕೆಟ್ಟಾದ ಸ್ವಿಸ್ ಟ್ರಾವೆಲ್ ಪಾಸ್ ವೆಂಗೆನ್, ಮ್ಯೂರೆನ್, ಗ್ರಿಂಡೆಲ್‌ವಾಲ್ಡ್ ತನಕ ನಡೆಯುತ್ತದೆ. ಅದರ ಮೇಲಿನ ಬೆಟ್ಟದ ರೈಲು, ಕೇಬಲ್ ಕಾರುಗಳಿಗೆ ಹೆಚ್ಚಿನ ಕಡೆ ರಿಯಾಯಿತಿ ಮಾತ್ರ, ಯುಂಗ್‌ಫ್ರಾವ್‌ಯೋಖ್‌ಗೂ ಹಾಗೆಯೇ. ಪಾಸ್ ಕೊಳ್ಳುವಾಗ ಫ್ಯಾಮಿಲಿ ಕಾರ್ಡ್ ಕೇಳಿ ಪಡೆಯಿರಿ. ಅದಕ್ಕೆ ದುಡ್ಡಿಲ್ಲ, ನಿಮ್ಮ ಜೊತೆ ಬರುವ ಮಗಳಿಗೆ ಪ್ರಯಾಣ ಉಚಿತ. ಇನ್ನೊಂದು ಮಾತು: ಇಂಟರ್‌ಲಾಕೆನ್ ಓಸ್ಟ್ ನಿಲ್ದಾಣದಿಂದ ಹೊರಡುವ ರೈಲು ತ್ಸ್ವೈಲ್ಯುಚಿನೆನ್ ಎಂಬಲ್ಲಿ ಎರಡಾಗಿ ಒಡೆಯುತ್ತದೆ. ಒಂದು ಅರ್ಧ ಲೌಟರ್‌ಬ್ರುನ್ನೆನ್‌ಗೆ, ಇನ್ನೊಂದು ಗ್ರಿಂಡೆಲ್‌ವಾಲ್ಡ್‌ಗೆ. ಹತ್ತುವ ಮೊದಲು ಡಬ್ಬಿಯ ಮೇಲಿನ ಹೆಸರು ನೋಡಿ. ಮಗಳು ಒಂದು ಡಬ್ಬಿ, ನೀವು ಒಂದು ಡಬ್ಬಿ ಆಗಬೇಡಿ.

ಕೊನೆಗೆ ಮಗಳ ಪ್ರಶ್ನೆ. ಎಡೆಲ್‌ವೈಸ್ ಅರಳುವುದು ಜುಲೈ, ಆಗಸ್ಟ್‌ನಲ್ಲಿ. ಜೂನ್ ಕೊನೆಗೆ ಬಯಲಲ್ಲಿ ಸಿಗುವುದು ಕಷ್ಟ. ಆದರೆ ವಿಲ್ಡರ್ಸ್‌ವಿಲ್‌ನಿಂದ 1893ರ ಇನ್ನೊಂದು ಹಲ್ಲುಗಾಲಿ ರೈಲು ಶೀನಿಗೆ ಪ್ಲಾಟ್ಟೆ ಎಂಬ ಬೆಟ್ಟಕ್ಕೆ ಹತ್ತುತ್ತದೆ. ಮೇಲಿನ ನಿಲ್ದಾಣದ ಪಕ್ಕದಲ್ಲೇ ಆಲ್ಪ್ಸ್ ಹೂಗಳ ತೋಟ ಇದೆ. ಪ್ರತಿ ಗಿಡಕ್ಕೂ ಹೆಸರಿನ ಚೀಟಿ. ಎಡೆಲ್‌ವೈಸ್ ಗಿಡ ಎಲ್ಲಿದೆ ಎಂದು ಅಲ್ಲಿಯವರನ್ನು ಕೇಳಲಿ, ಮೊಗ್ಗಾದರೂ ಇರಬಹುದು. ಆ ಹೊತ್ತಿಗೆ ಕಡುನೀಲಿ ಜೆಂಟಿಯನ್, ಇಳಿಜಾರಿನಲ್ಲಿ ಕೆಂಪಗೆ ಹರಡುವ ಆಲ್ಪೆನ್‌ರೋಸ್ ಅರಳಿರುತ್ತವೆ. ಅವನ್ನು ಅಮ್ಮನ ಕೈ ಹಿಡಿದು ಅವಳೇ ತೋರಿಸಲಿ. ಕೀಳಬಾರದು ಅಂತ ಮಾತ್ರ ಮೊದಲೇ ಹೇಳಿಡಿ.